ಹಾಜರಿ ಹೇಳಿ ಓದಬೇಕು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹುನಗುಂದ, ಇಳಕಲ್ಲ ಕಡೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ: “ಬೆಂಗಳೂರಾಗ ಏನ್ ಕೆಲಸ ಮಾಡ್ತೀಯಪಾ?” ಇವತ್ತು ಅದನ್ನೇ ಹೇಳುತ್ತೇನೆ.

ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಎಂಬ ಕರ್ನಲ್ ಇದೆ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಅದನ್ನು ಶುರುಮಾಡಿದ. ಈಗಿನ ಹೆಚ್ಚಿನ ಫೋನುಗಳಲ್ಲಿ ಎಂಟು ಪ್ರೊಸೆಸರ್‌ಗಳಿರುತ್ತವೆ. ಎಂಟೂ ಓದುತ್ತಿರುವ ಮಾಹಿತಿಯನ್ನು ನಡುವೆ ಬದಲಿಸುವುದು ಹೇಗೆ?

ಶಾಲೆಯ ವೇಳಾಪಟ್ಟಿಯನ್ನೇ ನೋಡಿ. ಹೆಡ್‌ಮಾಸ್ತರರು ಹೊಸ ಪಟ್ಟಿ ಬರೆದು ಫಲಕಕ್ಕೆ ಹಚ್ಚುತ್ತಾರೆ. ಮುಂದೆ ಬಂದವರು ಹೊಸದನ್ನೇ ಓದುತ್ತಾರೆ. ಹಳೆಯ ಹಾಳೆ ಯಾರ ಕೈಯಲ್ಲಿದೆಯೋ ಅವರೆಲ್ಲ ಓದಿ ಮುಗಿಸುವವರೆಗೆ ಅದನ್ನು ಹರಿಯುವಂತಿಲ್ಲ. 2002ರಲ್ಲಿ ಲಿನಕ್ಸ್‌ಗೆ ಸೇರಿದ ‘ಆರ್‌ಸಿಯು’ ಮಾಡುವುದು ಇದನ್ನೇ. ಓದುವವರು ಬೀಗ ಹಾಕಿ ಬೇರೆಯವರನ್ನು ಕಾಯಿಸಬೇಕಿಲ್ಲ.

ಕೆಲಸವಿಲ್ಲದ ಪ್ರೊಸೆಸರ್ ಬ್ಯಾಟರಿ ಉಳಿಸಲು ನಿದ್ದೆ ಹೋಗುತ್ತದೆ. “ಓದಿ ಮುಗಿಯಿತೇ?” ಎಂದು ಕೇಳಲು ಅದನ್ನು ಎಬ್ಬಿಸಿದರೆ ಚಾರ್ಜ್ ದಂಡ. ಆದ್ದರಿಂದ ಆರ್‌ಸಿಯು ಅದಕ್ಕೆ ಗೈರು ಹಾಕಿ, ಅದಕ್ಕಾಗಿ ಕಾಯದೆ ಮುಂದೆ ಹೋಗುತ್ತದೆ. ಅಪಾಯ ಇರುವುದು ಇಲ್ಲಿಯೇ. ನಿದ್ದೆಗೆ ಜಾರುವಾಗ, ಏಳುವಾಗ ಆ ಪ್ರೊಸೆಸರ್ ಸಣ್ಣಪುಟ್ಟ ಕೆಲಸ ಮಾಡುತ್ತಿರುತ್ತದೆ. ಆಗ ಅದು ಹಳೆಯ ಹಾಳೆ ಹಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಅದು ಗೈರು! ಓದುತ್ತಿರುವಾಗಲೇ ಹಾಳೆ ಹೋಗಿ, ಆ ಜಾಗದಲ್ಲಿ ಬೇರೇನೋ ಬರೆದಿರುತ್ತದೆ. ಯಂತ್ರ ನಿಂತುಹೋಗಬಹುದು, ಅದಕ್ಕಿಂತ ಕೆಟ್ಟದ್ದೆಂದರೆ, ತಪ್ಪು ಮಾಹಿತಿಯ ಮೇಲೆ ಸುಮ್ಮನೆ ನಡೆಯಬಹುದು. ಇಂಥ ತಪ್ಪು ತಿಂಗಳುಗಟ್ಟಲೆ ಅಡಗಿದ್ದು ಒಂದು ದಿನ ಹೊರಬರುತ್ತದೆ.

ಪರಿಹಾರ ಸರಳ: ಓದುವ ಮೊದಲು ‘ಹಾಜರ್’ ಅನ್ನಬೇಕು, ಓದಿ ಮುಗಿಸಿಯೇ ಮತ್ತೆ ಗೈರಾಗಬೇಕು. ಹೊರಗಿನಿಂದ ಇಂಟರಪ್ಟ್ ಬಂದಾಗ ಕರ್ನಲ್ ತಾನೇ ಹಾಜರಿ ಹಾಕುತ್ತದೆ. ಉಳಿದ ಕಡೆ ಕೋಡ್ ಬರೆಯುವವರು ನೆನಪಿಡಬೇಕು. ಮರೆತರೆ, ಪರೀಕ್ಷೆಯ ವೇಳೆ ‘ಲಾಕ್‌ಡೆಪ್’ ಎಂಬ ತಪಾಸಣೆ ಎಚ್ಚರಿಸುತ್ತದೆ.

ಗೈರಾದವನನ್ನು ಎಬ್ಬಿಸದಿರುವುದು ಯಂತ್ರಕ್ಕೆ ಜಾಣತನ. ಶಾಲೆಗೆ ಅದು ಸಲ್ಲದು. ದುಡಿಯಲು ಗೋವಾ, ಮಂಗಳೂರಿಗೆ ಹೋಗುವ ಮನೆಗಳ ಮಕ್ಕಳು ನಮ್ಮ ಹಾಜರಿ ಪುಸ್ತಕದಲ್ಲಿ ಇಂದಿಗೂ ಇದ್ದಾರೆ. ಗೈರು ಬಿದ್ದವರ ಮನೆ ಬಾಗಿಲಿಗೆ ಹೋಗಿ ಕರೆತಂದ ಗುರುಗಳು ಈ ವೇದಿಕೆಯ ಮೇಲಿದ್ದಾರೆ. ಹಳೆಯ ವಿದ್ಯಾರ್ಥಿಗಳಾದ ನಾವು ಕಟ್ಟಡಕ್ಕೆ ದೇಣಿಗೆ ಕೊಡುವುದರ ಜೊತೆಗೆ ಆ ಮಕ್ಕಳ ಪಟ್ಟಿಯನ್ನೂ ಕೇಳಿ ಪಡೆಯೋಣ. ಹೆಸರು ಹೊಡೆದುಹಾಕುವ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬರೋಣ.