ಬಯಲಿನ ಒಣಹುಲ್ಲು

ಆಗಸ್ಟ್ ಕೊನೆಗೆ, ನಮ್ಮಲ್ಲಿ ಮಳೆಗಾಲ ಇರುವಾಗಲೇ, ಅಮೆರಿಕದ ನೆಬ್ರಾಸ್ಕ, ಡಕೋಟಾ, ಮೊಂಟಾನಾ ಬಯಲುಗಳಲ್ಲಿ ಹುಲ್ಲು ನಿಂತಲ್ಲೇ ಒಣಗಿರುತ್ತದೆ. ದಪ್ಪ ದಿಮ್ಮಿ ಒಣಗಲು ವಾರಗಳೇ ಬೇಕು. ಹುಲ್ಲಿನ ಎಳೆಗೆ ಗಂಟೆಯ ಬಿಸಿಗಾಳಿ ಸಾಕು. ಬೆಳಗಿನ ಇಬ್ಬನಿಯನ್ನು ನಂಬಿ ಮಧ್ಯಾಹ್ನ ಮೈಮರೆಯುವಂತಿಲ್ಲ. ಕಟಾವು ಯಂತ್ರದ ಬೇರಿಂಗ್ ಕಾದರೆ, ಟ್ರೇಲರ್‌ನ ಸರಪಳಿ ರಸ್ತೆಗೆ ಉಜ್ಜಿದರೆ, ಬೆಂಕಿ ಹೊತ್ತೀತು. ತೇವಾಂಶ ಕುಸಿದು ಗಾಳಿ ಬಲವಾದ ದಿನ ಅಲ್ಲಿನ ಹವಾಮಾನ ಸೇವೆ ‘ಕೆಂಪು ಬಾವುಟ’ದ ಎಚ್ಚರಿಕೆ ಕೊಡುತ್ತದೆ. ಅಂದು ಕಟಾವು ನಿಲ್ಲಿಸುವ ರೈತನ ಮೇಲೆ ನನಗೆ ಅಪಾರ ಗೌರವ. ಮಾಗಿ ನಿಂತ ಪೈರನ್ನು ಕಣ್ಣೆದುರೇ ಬಿಟ್ಟು ಕಾಯುವುದು ಸುಲಭವಲ್ಲ. ಅಲ್ಲಿರುವ ನಮ್ಮ ಮಕ್ಕಳೂ ರಜೆಯಲ್ಲಿ ಆ ಬಯಲುಗಳನ್ನು ದಾಟುತ್ತಾರೆ. ಫೋನ್ ಮಾಡಿದಾಗ ಹೇಳಿ: ಓಡಿ ಬಂದ ಕಾರಿನ ಅಡಿಭಾಗ ಸುಡುತ್ತಿರುತ್ತದೆ, ಅದನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.