ಹಣ್ಣಿನ ನೊಣ: ಬಲೆ ಕಟ್ಟಲು ತಕ್ಕ ಕಾಲ



ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಳೆಗಾಲ ಹಿಡಿಯುತ್ತಲೇ ಹೀರೆ, ಹಾಗಲ, ಸೌತೆ, ಮೊಗೆ ಬಳ್ಳಿಗಳು ಹಬ್ಬುತ್ತವೆ. ಜೊತೆಗೆ ಹಣ್ಣಿನ ನೊಣದ ಹಾವಳಿಯೂ ತಪ್ಪದು. ಎಳೆಗಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಹೆಚ್ಚಿ ನೋಡಿದರೆ ಒಳಗೆ ಬಿಳಿ ಹುಳು. ಅನೇಕರು ಆಗ ಮೋಹಕ ಬಲೆ ಕಟ್ಟುತ್ತಾರೆ. ಬಲೆ ತುಂಬ ನೊಣ ಬಿದ್ದರೂ ಕೊಳೆಯುವುದು ನಿಲ್ಲುವುದಿಲ್ಲ. ಕಾರಣವೇನು?

ಬಲೆಗೆ ಬೀಳುವುದು ಗಂಡುನೊಣ. ಕಾಯಿ ಚುಚ್ಚಿ ಮೊಟ್ಟೆ ಇಡುವುದು ಹೆಣ್ಣುನೊಣ. ಕೋಶದಿಂದ ಹೊರಬಂದ ಹೆಣ್ಣು ಕೂಡಲೇ ಮೊಟ್ಟೆ ಇಡಲಾರದು. ಮೊಟ್ಟೆ ಬಲಿಯಲು ಸಸಾರಜನಕದ ಆಹಾರವೂ ಒಂದು ವಾರಕ್ಕೂ ಹೆಚ್ಚು ಕಾಲವೂ ಬೇಕು. ಅನಂತರ ಮುಸ್ಸಂಜೆಯಲ್ಲಿ ಗಂಡಿನೊಡನೆ ಕೂಡುತ್ತದೆ. ಅಲ್ಲಿಂದ ಅದರ ನಡತೆಯೇ ಬೇರೆ.

ಈ ಬದಲಾವಣೆಯ ಗುಟ್ಟು ಚೆನ್ನಾಗಿ ತಿಳಿದಿರುವುದು ಕಳಿತ ಬಾಳೆಹಣ್ಣಿಗೆ ಮುತ್ತುವ ಡ್ರೊಸೊಫಿಲ ಎಂಬ ಬೇರೊಂದು ಪುಟ್ಟ ನೊಣದಲ್ಲಿ. ಅದರ ಗಂಡಿನ ವೀರ್ಯದ್ರವದಲ್ಲಿರುವ, 36 ಅಮೈನೋ ಆಮ್ಲಗಳ ಒಂದು ವಸ್ತುವನ್ನು 1988ರಲ್ಲಿ ಗುರುತಿಸಲಾಯಿತು. ಇದು ಹೆಣ್ಣಿನ ದೇಹ ಸೇರಿದ ಮೇಲೆ ಮೊಟ್ಟೆಗಳ ಸಂಖ್ಯೆ ಬಹಳವಾಗಿ ಹೆಚ್ಚುತ್ತದೆ. ಹೆಣ್ಣು ಹೆಚ್ಚು ತಿನ್ನುತ್ತದೆ, ಬೇರೆ ಗಂಡುಗಳನ್ನು ದೂರವಿಡುತ್ತದೆ. ಈ ವಸ್ತು ವೀರ್ಯಾಣುಗಳ ಬಾಲಕ್ಕೆ ಅಂಟಿಕೊಂಡು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುವುದರಿಂದ ಪರಿಣಾಮವು ಹಲವು ದಿನ ಉಳಿಯುತ್ತದೆ. ಗಂಡಿನೊಡನೆ ಕೂಡದ ಹೆಣ್ಣು ಇಡುವ ಮೊಟ್ಟೆಗಳು ಕೆಲವೇ, ಅವೂ ಮರಿಯಾಗುವುದಿಲ್ಲ.

ಬೆಳೆಗೆ ಬೀಳುವ ನೊಣಗಳಲ್ಲೂ ಇಂಥ ತಿರುವು ಕಂಡುಬಂದಿದೆ. ಮೆಡಿಟರೇನಿಯನ್ ಹಣ್ಣಿನ ನೊಣದ ಹೆಣ್ಣು ಮೊದಲು ಗಂಡಿನ ವಾಸನೆಗೆ ಒಲಿಯುತ್ತದೆ. ಕೂಡಿದ ಮೇಲೆ ಹಣ್ಣಿನ ವಾಸನೆಯನ್ನು ಅರಸುತ್ತದೆ. ಕೂಡಿದ ಹೆಣ್ಣು ವೀರ್ಯವನ್ನು ದೇಹದಲ್ಲಿ ಶೇಖರಿಸಿಟ್ಟುಕೊಂಡಿರುತ್ತದೆ. ಆಮೇಲೆ ಗಂಡುಗಳನ್ನೆಲ್ಲ ಹಿಡಿದರೂ ಅದು ಮೊಟ್ಟೆ ಇಡುವುದು ನಿಲ್ಲದು. ಒಂದು ಗಂಡು ಉಳಿದರೂ ಹಲವು ಹೆಣ್ಣುಗಳನ್ನು ಕೂಡಬಲ್ಲದು.

ಆದ್ದರಿಂದ ರೈತರು ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಬಳ್ಳಿ ಹೂ ಬಿಡುವ ಮೊದಲೇ ಕ್ಯೂಲೂರ್ ಬಲೆ ಕಟ್ಟಬೇಕು. ಮಾವಿಗೆ ಮೀಥೈಲ್ ಯೂಜೆನಾಲ್ ಬಲೆ ತಕ್ಕುದು. ನೆರೆಹೊರೆಯವರೆಲ್ಲ ಒಟ್ಟಿಗೆ ಕಟ್ಟಿದರೆ ಫಲ ಹೆಚ್ಚು.

2. ಹೆಣ್ಣುನೊಣಕ್ಕೆ ಆಹಾರದ ಆಮಿಷವೇ ಸರಿ. ಅದು ಹೆಚ್ಚು ಹೊತ್ತು ತಂಗುವುದು ಸುತ್ತಲಿನ ಗಿಡಗಳಲ್ಲಿ. ಅಂಚಿಗೆ ಮುಸುಕಿನ ಜೋಳ ಬೆಳೆದು, ಸಸಾರಜನಕದ ಆಕರ್ಷಕಕ್ಕೆ ಶಿಫಾರಸಾದ ಕೀಟನಾಶಕ ಬೆರೆಸಿ ಅದರ ಎಲೆಗಳಿಗೆ ಸಿಂಪಡಿಸಬೇಕು. ಮಳೆ ತೊಳೆದರೆ ಮತ್ತೆ ಸಿಂಪಡಿಸಬೇಕು.

3. ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟಬೇಕು.

4. ಕೊಳೆತ ಕಾಯಿಗಳನ್ನು ಆಗಿಂದಾಗ್ಗೆ ಆರಿಸಿ ಆಳವಾಗಿ ಹೂಳಬೇಕು. ಗೊಬ್ಬರದ ಗುಂಡಿಯ ಮೇಲೆ ಎಸೆದರೆ ಹುಳುಗಳು ಮಣ್ಣು ಸೇರಿ, ಕೋಶವಾಗಿ, ಮತ್ತೆ ನೊಣವಾಗಿ ಬರುತ್ತವೆ.

ಕಾಯಿ ಕೊಳೆತ ಮೇಲೆ ಬಲೆಯೊಂದನ್ನೇ ನಂಬಿದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.