ಹೇಳಿಕೊಳ್ಳಲಾಗದ ನೋವಿಗೂ ಒಂದು ಹೆಸರಿದೆ

(ನಮ್ಮ ಸೇವಾ ಸಂಸ್ಥೆಯ ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಆರೋಗ್ಯ ಬಳಗದ ಪರವಾಗಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚೆ ಮಾತನಾಡುವವರು ಚಿಕ್ಕದಾಗಿ ಮುಗಿಸಬೇಕು ಎಂಬುದು ನಮಗೂ ಗೊತ್ತು. ಅದರಲ್ಲೂ ನಾವು ಇಂದು ಆರಿಸಿಕೊಂಡಿರುವ ವಿಷಯ ಊಟದ ಮುಂದೆ ಆಡುವಂಥದ್ದಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಹೃದಯದ ಬಗ್ಗೆ ಮಾತನಾಡುತ್ತೇವೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡುತ್ತೇವೆ, ಮಂಡಿ ನೋವನ್ನಂತೂ ಸಿಕ್ಕಿದವರಿಗೆಲ್ಲ ವರ್ಣಿಸುತ್ತೇವೆ. ಆದರೆ ಮೂತ್ರಕೋಶದ ವಿಷಯಕ್ಕೆ ಬಂದರೆ ಎಲ್ಲರ ಬಾಯಿಗೂ ಬೀಗ. ಈ ಮೌನದಿಂದಾಗಿ ನಮ್ಮ ನಡುವಿನ ಕೆಲವರು ವರ್ಷಗಟ್ಟಲೆ ನರಳಿದ್ದಾರೆ. ಅದಕ್ಕಾಗಿಯೇ ಈ ಹತ್ತು ನಿಮಿಷ ಕೇಳಿಕೊಂಡೆವು.

ನಾವು ಡಾಕ್ಟರುಗಳಲ್ಲ. ಈ ಕಾಯಿಲೆ ಇರುವ ಕೆಲವು ಹೆಂಗಸರು, ಇಬ್ಬರು ಗಂಡಸರು, ಅವರ ಮನೆಯವರು ಸೇರಿ ಮಾಡಿಕೊಂಡ ಪುಟ್ಟ ಬಳಗ ನಮ್ಮದು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಅಲ್ಲಿ ಕಾಫಿ ಇರುವುದಿಲ್ಲ. ಯಾಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಕಾಯಿಲೆಯ ಹೆಸರು ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್. ಉಚ್ಚರಿಸುವಷ್ಟರಲ್ಲಿ ನಾಲಿಗೆ ಹೊರಳುವುದರಿಂದ ಎಲ್ಲರೂ ಐ.ಸಿ. ಎನ್ನುತ್ತಾರೆ. ಈಚೆಗೆ ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಎಂಬ ಹೆಸರೂ ಸೇರಿಕೊಂಡಿದೆ. ಕಿಬ್ಬೊಟ್ಟೆಯಲ್ಲಿ ನೋವು, ಒತ್ತಡ, ಉರಿ. ಮೂತ್ರಕೋಶ ತುಂಬುತ್ತಾ ಬಂದಂತೆ ನೋವು ಹೆಚ್ಚುತ್ತದೆ, ಖಾಲಿಯಾದರೆ ಸ್ವಲ್ಪ ಹೊತ್ತು ಇಳಿಯುತ್ತದೆ. ಮತ್ತೆ ಶುರು. ಆರೋಗ್ಯವಾಗಿರುವವರು ದಿನಕ್ಕೆ ಏಳೆಂಟು ಸಲ ಹೋದರೆ, ನಮ್ಮಲ್ಲಿ ಕೆಲವರು ಮೂವತ್ತು ನಲವತ್ತು ಸಲ ಹೋದದ್ದುಂಟು. ರಾತ್ರಿ ಗಂಟೆಗೊಮ್ಮೆ ಎದ್ದರೆ ನಿದ್ದೆ ಎಲ್ಲಿಂದ ಬರಬೇಕು?

ನಮ್ಮ ಮನೆಗಳಲ್ಲಿ ಇದಕ್ಕೆ ಮೊದಲು ಸಿಗುವ ಉತ್ತರ ಒಂದೇ: "ಉಷ್ಣ ಆಗಿದೆ." ಊರಿಗೆ ಫೋನ್ ಮಾಡಿದರೆ ಅಮ್ಮ ಹೇಳುವುದು ಬಾರ್ಲಿ ನೀರು, ಜೀರಿಗೆ ನೀರು, ಎಳನೀರು. ಇವುಗಳಿಂದ ಹಾನಿಯೇನಿಲ್ಲ, ಎಷ್ಟೋ ಜನಕ್ಕೆ ಹಿತವೂ ಆಗುತ್ತದೆ. ಆದರೆ ತಿಂಗಳು ಕಳೆದರೂ ಇಳಿಯದ ನೋವನ್ನು ಉಷ್ಣ ಎಂದುಕೊಂಡು ಕೂರುವುದು ಸರಿಯಲ್ಲ. ಇಲ್ಲಿ ಸಿಗುವ ಎರಡನೆಯ ಉತ್ತರ "ಇನ್‌ಫೆಕ್ಷನ್." ನಮ್ಮಲ್ಲೊಬ್ಬರಿಗೆ ಎರಡು ವರ್ಷ ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ಕೊಟ್ಟರು. ಪ್ರತಿ ಸಲವೂ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಯಾವ ಕ್ರಿಮಿಯೂ ಸಿಗಲಿಲ್ಲ. ಗೆಳತಿಯರು ಕ್ರ್ಯಾನ್‌ಬೆರಿ ರಸ ಕುಡಿ ಎಂದರು. ಹುಳಿಯಾದ ಆ ರಸ ಐ.ಸಿ. ಇರುವವರಿಗೆ ಬೆಂಕಿಗೆ ತುಪ್ಪ ಸುರಿದಂತೆ. ಕೊನೆಗೆ ಒಂದು ಕ್ಲಿನಿಕ್ಕಿನಲ್ಲಿ, "ರಿಪೋರ್ಟೆಲ್ಲ ಚೆನ್ನಾಗಿದೆ, ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಕೊಡಿ" ಎಂದು ಕಳಿಸಿಬಿಟ್ಟರು. ಆ ದಿನ ಆಕೆ ಕಾರಿನಲ್ಲಿ ಕೂತು ಅತ್ತದ್ದು ನೋವಿಗಲ್ಲ, ತನ್ನ ಮಾತನ್ನು ಯಾರೂ ನಂಬುತ್ತಿಲ್ಲ ಎಂಬುದಕ್ಕೆ.

ಇದು ಹೊಸ ಕಾಯಿಲೆಯೇನೂ ಅಲ್ಲ. 1915ರಲ್ಲೇ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಡಾ. ಗೈ ಹನ್ನರ್ ಎಂಬುವರು ಇಂಥ ರೋಗಿಗಳ ಮೂತ್ರಕೋಶದ ಒಳಗೋಡೆಯಲ್ಲಿ ಕಂಡ ಹುಣ್ಣುಗಳ ಬಗ್ಗೆ ಬರೆದಿದ್ದರು. ಇಂದಿಗೂ ಅವುಗಳನ್ನು ಹನ್ನರ್ ಹುಣ್ಣು ಎಂದೇ ಕರೆಯುತ್ತಾರೆ. ಆದರೆ ಹೆಚ್ಚಿನ ರೋಗಿಗಳಲ್ಲಿ ಈ ಹುಣ್ಣುಗಳು ಇರುವುದಿಲ್ಲ. ಹಾಗಾಗಿ "ಒಳಗೆ ಏನೂ ಕಾಣುತ್ತಿಲ್ಲ" ಎಂದರೆ "ನೋವಿಲ್ಲ" ಎಂದು ಬಹಳ ಕಾಲ ಅರ್ಥ ಮಾಡಿಕೊಂಡರು. ವೈದ್ಯ ವಿದ್ಯಾರ್ಥಿನಿಯಾಗಿದ್ದಾಗಲೇ ಇದಕ್ಕೆ ತುತ್ತಾದ ವಿಕಿ ರಾಟ್ನರ್ 1984ರಲ್ಲಿ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಅಸೋಸಿಯೇಷನ್ ಕಟ್ಟಿದ ಮೇಲೆ ಈ ದೇಶದಲ್ಲಿ ರೋಗಿಗಳ ಮಾತಿಗೆ ಕಿವಿಗೊಡುವುದು ಹೆಚ್ಚಾಯಿತು. 2011ರಲ್ಲಿ ಪ್ರಕಟವಾದ ದೊಡ್ಡದೊಂದು ಸಮೀಕ್ಷೆಯ ಅಂದಾಜಿನಂತೆ ಅಮೆರಿಕದಲ್ಲಿ 33 ಲಕ್ಷದಿಂದ 79 ಲಕ್ಷ ವಯಸ್ಕ ಹೆಂಗಸರಿಗೆ ಇದರ ಲಕ್ಷಣಗಳಿವೆ. ಅವರ ಪೈಕಿ ಕಾಯಿಲೆಯ ಹೆಸರು ಗೊತ್ತಾಗಿದ್ದದ್ದು ಹತ್ತರಲ್ಲಿ ಒಬ್ಬರಿಗೂ ಕಡಿಮೆ. ಗಂಡಸರಿಗೂ ಬರುತ್ತದೆ, ಅವರಲ್ಲಿ ಇದನ್ನು ಪ್ರಾಸ್ಟೇಟ್ ತೊಂದರೆ ಎಂದು ತಿಳಿಯುವುದೇ ಹೆಚ್ಚು.

ಹಾಗಾದರೆ ಗುರುತಿಸುವುದು ಹೇಗೆ? ಇದನ್ನು ಹೌದು ಅಥವಾ ಅಲ್ಲ ಎಂದು ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ಆರು ವಾರಕ್ಕಿಂತ ಹೆಚ್ಚು ಕಾಲ ಮೂತ್ರಕೋಶದ ನೋವು ಮತ್ತು ಮೂತ್ರದ ತೊಂದರೆ ಇದ್ದು, ಇನ್‌ಫೆಕ್ಷನ್ ಮುಂತಾದ ಬೇರೆ ಕಾರಣ ಸಿಗದಿದ್ದರೆ ಯೂರಾಲಜಿಸ್ಟರು ಇದನ್ನು ಐ.ಸಿ. ಎನ್ನುತ್ತಾರೆ. ಬೇರೆ ಕಾರಣಗಳನ್ನು ಹುಡುಕುವುದು ಬಹಳ ಮುಖ್ಯ. ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲವಾದರೂ, ತಡಮಾಡದೆ ತೋರಿಸಿ. ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಮ್ಮ ದೇಶದಿಂದ ಬಂದವರಿಗೆ ಇನ್ನೊಂದು ಮಾತು. ಕ್ಷಯರೋಗ ಮೂತ್ರಾಂಗಗಳಿಗೂ ತಗಲುತ್ತದೆ. ಮೂತ್ರದಲ್ಲಿ ಕೀವಿನ ಕಣಗಳಿದ್ದು ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ, "ನಾನು ಭಾರತದಿಂದ ಬಂದವಳು, ಟಿ.ಬಿ. ಪರೀಕ್ಷೆ ಬೇಕೇ?" ಎಂದು ನೀವಾಗಿಯೇ ಕೇಳಿ. ಇಲ್ಲಿನ ಎಲ್ಲ ಡಾಕ್ಟರಿಗೂ ಅದು ತಟ್ಟನೆ ಹೊಳೆಯುವುದಿಲ್ಲ.

ಈಗ ಚಿಕಿತ್ಸೆ. ಬೇರುಸಹಿತ ಕಿತ್ತುಹಾಕುವ ಮದ್ದು ಇನ್ನೂ ಇಲ್ಲ. ಆದರೆ ಹತೋಟಿಗೆ ತರುವ ದಾರಿಗಳು ಹಲವಿವೆ. ಅಮೆರಿಕದ ಯೂರಾಲಜಿಸ್ಟರ ಸಂಘ 2022ರಲ್ಲಿ ತನ್ನ ಮಾರ್ಗಸೂಚಿಯನ್ನು ತಿದ್ದಿ, ಎಲ್ಲರಿಗೂ ಒಂದೇ ಮೆಟ್ಟಿಲುಸಾಲು ಬೇಡ, ಒಬ್ಬೊಬ್ಬರ ಲಕ್ಷಣ ನೋಡಿ ಚಿಕಿತ್ಸೆ ಆರಿಸಿ ಎಂದು ಹೇಳಿದೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದಿದ್ದರೆ ಗಾಬರಿಯಾಗಬೇಕಿಲ್ಲ.

ಮೊದಲನೆಯದು ಊಟ. ಕಾಫಿ, ಟೀ, ಮದ್ಯ, ಸೋಡಾ, ಕಿತ್ತಳೆ, ನಿಂಬೆ, ಟೊಮೇಟೊ, ಖಾರ, ಕೃತಕ ಸಿಹಿ ಇವು ಬಹಳ ಜನರಲ್ಲಿ ನೋವು ಕೆರಳಿಸುತ್ತವೆ. ಇಲ್ಲಿನ ಡಯಟೀಷಿಯನ್ ಕೊಡುವ ಪಟ್ಟಿಯಲ್ಲಿ ಹುಣಸೆಹಣ್ಣಿನ ಹೆಸರು ಇರದಿರಬಹುದು, ಆದರೆ ಹುಳಿ ಹುಳಿಯೇ. ಸಾರು, ಹುಳಿ, ಪುಳಿಯೋಗರೆ, ಬಿಸಿಬೇಳೆಬಾತ್, ಉಪ್ಪಿನಕಾಯಿ ಬಿಟ್ಟು ಕನ್ನಡಿಗರು ಬದುಕುವುದು ಹೇಗೆ ಎಂದು ನಾವೂ ತಲೆಯ ಮೇಲೆ ಕೈಹೊತ್ತು ಕೂತಿದ್ದೆವು. ಆಮೇಲೆ ದಾರಿ ಕಂಡುಕೊಂಡೆವು. ಹೆಸರುಬೇಳೆ ತೊವ್ವೆ, ಸಪ್ಪೆ ಪೊಂಗಲ್, ಅಕ್ಕಿ ರೊಟ್ಟಿ, ರಾಗಿ ಗಂಜಿ, ಸೋರೆಕಾಯಿ, ಸೀಮೆಬದನೆಕಾಯಿ ಪಲ್ಯ, ಹಣ್ಣಿನಲ್ಲಿ ಪೇರ್. ಕೆಲವು ವಾರ ಹೀಗೆ ಉಂಡು, ಬಿಟ್ಟಿದ್ದನ್ನು ಒಂದೊಂದಾಗಿ ಮತ್ತೆ ತಿಂದು, ಡೈರಿಯಲ್ಲಿ ಬರೆದುಕೊಳ್ಳುತ್ತೇವೆ. ಒಬ್ಬರಿಗೆ ಟೊಮೇಟೊ ಆಗದು, ಹುಣಸೆ ಸ್ವಲ್ಪ ನಡೆಯುತ್ತದೆ, ಇನ್ನೊಬ್ಬರಿಗೆ ತದ್ವಿರುದ್ಧ. ಕೆಲವರಿಗೆ ಊಟಕ್ಕೂ ನೋವಿಗೂ ಸಂಬಂಧವೇ ಇಲ್ಲ. ಆದ್ದರಿಂದ ಸುಮ್ಮನೆ ಎಲ್ಲವನ್ನೂ ಬಿಟ್ಟು ಸೊರಗಬೇಡಿ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆ ಈ ಕಾಯಿಲೆಯಲ್ಲಿ ಅರ್ಧ ನಿಜ ಅಷ್ಟೆ. ಇನ್ನೊಂದು ಎಚ್ಚರಿಕೆ: ಬಾತ್‌ರೂಮಿನ ಭಯಕ್ಕೆ ನೀರು ಕುಡಿಯುವುದನ್ನೇ ಬಿಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಉರಿ ಹೆಚ್ಚು.

ಎರಡನೆಯದು ಫಿಸಿಯೋಥೆರಪಿ. ವರ್ಷಗಟ್ಟಲೆ ನೋವು ತಡೆದು ತಡೆದು ಸೊಂಟದ ಕೆಳಗಿನ ಸ್ನಾಯುಗಳು ಗಂಟುಕಟ್ಟಿರುತ್ತವೆ. ಇಲ್ಲಿನವರು ಅದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ತರಬೇತಿ ಪಡೆದವರು ಅವನ್ನು ಕೈಯಿಂದಲೇ ಸಡಿಲಿಸುತ್ತಾರೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದ ಹೆಂಗಸರಲ್ಲಿ ನೂರಕ್ಕೆ 59 ಮಂದಿಗೆ ಗುಣ ಕಂಡಿತು; ಸಾಮಾನ್ಯ ಮಸಾಜ್ ಪಡೆದವರಲ್ಲಿ ನೂರಕ್ಕೆ 26 ಮಂದಿಗೆ. ಮೂತ್ರ ಸೋರುವಿಕೆಗೆ ಹೇಳಿಕೊಡುವ ಬಿಗಿಹಿಡಿಯುವ ವ್ಯಾಯಾಮ, ಅಂದರೆ ಕೀಗಲ್, ಈ ನೋವಿಗೆ ಬೇಡ. ಇರುವ ಬಿಗಿತವೇ ಸಾಕಾಗಿರುತ್ತದೆ.

ಮೂರನೆಯದು ಔಷಧಿ. ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆ ಬರೆದುಕೊಟ್ಟರೆ, "ಇದು ಡಿಪ್ರೆಷನ್ನಿನ ಮಾತ್ರೆ, ನನ್ನನ್ನು ಹುಚ್ಚಿ ಎಂದುಕೊಂಡರು" ಎಂದು ಬೇಸರಿಸಬೇಡಿ. ಕಡಿಮೆ ಪ್ರಮಾಣದಲ್ಲಿ ಅದನ್ನು ನರಗಳ ನೋವಿಗೆ ಕೊಡುತ್ತಾರೆ. ತೂಕಡಿಕೆ, ಬಾಯಿ ಒಣಗುವುದು ಇದ್ದೇ ಇದೆ, ವಯಸ್ಸಾದವರು ಎಚ್ಚರವಾಗಿರಬೇಕು. ಸಣ್ಣ ನಳಿಕೆಯಿಂದ ಮೂತ್ರಕೋಶಕ್ಕೇ ಔಷಧಿ ಬಿಡುವ ಕ್ರಮವೂ ಉಂಟು. ಹೀಗೆ ಬಿಡುವ ಡಿ.ಎಂ.ಎಸ್.ಓ. ಎಂಬ ದ್ರವಕ್ಕೆ ಇಲ್ಲಿನ ಸರ್ಕಾರ 1978ರಲ್ಲಿ ಅನುಮತಿ ಕೊಟ್ಟಿತು. ಅದನ್ನು ಹಾಕಿಸಿಕೊಂಡ ದಿನ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ಬೆಳ್ಳುಳ್ಳಿ ಮುಟ್ಟದ ನಮ್ಮ ಅಕ್ಕನೊಬ್ಬರ ಮನೆಯಲ್ಲಿ ಅದೊಂದು ದೊಡ್ಡ ತಮಾಷೆಯೇ ಆಯಿತು. ಹನ್ನರ್ ಹುಣ್ಣು ಇದ್ದವರಿಗೆ ಅದನ್ನು ಸುಟ್ಟು ಅಥವಾ ಅಲ್ಲಿಗೆ ಸ್ಟೀರಾಯ್ಡ್ ಚುಚ್ಚಿ ಬಹಳ ಬೇಗ ನೋವು ಇಳಿಸುತ್ತಾರೆ. ಆದ್ದರಿಂದ ಹುಣ್ಣಿದೆಯೆಂಬ ಅನುಮಾನವಿದ್ದರೆ ಸಿಸ್ಟಾಸ್ಕೋಪಿಗೆ ಹೆದರಬೇಡಿ. ಇನ್‌ಫೆಕ್ಷನ್ ಇಲ್ಲದೆ ದೀರ್ಘಕಾಲ ಆ್ಯಂಟಿಬಯಾಟಿಕ್ ಮಾತ್ರ ಬೇಡವೆಂದು ಮಾರ್ಗಸೂಚಿಯೇ ಹೇಳುತ್ತದೆ.

ಒಂದು ಮಾತ್ರೆಯ ಬಗ್ಗೆ ವಿಶೇಷವಾಗಿ ಹೇಳಬೇಕು. 1996ರಲ್ಲಿ ಅನುಮತಿ ಪಡೆದ ಎಲ್ಮಿರಾನ್ ಅನ್ನು ನಮ್ಮಲ್ಲಿ ಹಲವರು ವರ್ಷಗಟ್ಟಲೆ ನುಂಗಿದ್ದಾರೆ. ದೀರ್ಘಕಾಲ ತೆಗೆದುಕೊಂಡವರ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾದದ್ದನ್ನು 2018ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಕಣ್ಣಿನ ವೈದ್ಯರು ವರದಿ ಮಾಡಿದರು. 2020ರಲ್ಲಿ ಔಷಧಿಯ ಲೇಬಲ್ಲಿನಲ್ಲೇ ಆ ಎಚ್ಚರಿಕೆ ಸೇರಿತು. ಈಗ ಬಿಟ್ಟಿದ್ದರೂ ಸರಿಯೇ, ಹಿಂದೆ ತೆಗೆದುಕೊಂಡಿದ್ದವರು ದಯವಿಟ್ಟು ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳಿ. ಕಣ್ಣಿನ ಡಾಕ್ಟರಿಗೆ ಈ ಮಾತ್ರೆಯ ಹೆಸರನ್ನು ಹೇಳಿ.

ಕೆಲಸದ ವಿಷಯ. 50 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಒಂದು ವರ್ಷ ದುಡಿದು, ಆ ವರ್ಷ 1,250 ಗಂಟೆ ಪೂರೈಸಿದವರಿಗೆ 1993ರ ಫ್ಯಾಮಿಲಿ ಅಂಡ್ ಮೆಡಿಕಲ್ ಲೀವ್ ಕಾನೂನಿನಂತೆ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆಯ ಹಕ್ಕು ಇದೆ. ಗಂಭೀರ ಕಾಯಿಲೆಗೆ ಅದನ್ನು ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು. ಬಾತ್‌ರೂಮಿಗೆ ಹತ್ತಿರದ ಮೇಜು ಕೇಳುವುದು ನಾಚಿಕೆಯ ಮಾತಲ್ಲ. ನಮ್ಮ ಇಲಿನಾಯ್‌ನಲ್ಲಿ 2005ರಿಂದ, ತುರ್ತಾಗಿ ಶೌಚಾಲಯ ಬೇಕಾಗುವ ಕಾಯಿಲೆ ಇರುವವರಿಗೆ ಅಂಗಡಿಯವರು ಕೆಲವು ಷರತ್ತುಗಳೊಳಗೆ ನೌಕರರ ಶೌಚಾಲಯವನ್ನೇ ಬಿಟ್ಟುಕೊಡಬೇಕೆಂಬ ಕಾನೂನಿದೆ. ಡಾಕ್ಟರರ ಚೀಟಿಯೊಂದು ಪರ್ಸಿನಲ್ಲಿದ್ದರೆ ವಾದ ಮಾಡುವುದು ತಪ್ಪುತ್ತದೆ.

ಇನ್ನು ಮನೆಯ ಮಾತು. ಸತ್ಯನಾರಾಯಣ ಪೂಜೆಯ ಮಧ್ಯೆ ಮಡಿಯಲ್ಲಿದ್ದ ಸೊಸೆ ಮೂರು ಸಲ ಎದ್ದುಹೋದರೆ ಅದು ಭಕ್ತಿಯ ಕೊರತೆಯಲ್ಲ. ನಾಟಕಕ್ಕೆ ಬಂದವರು ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕಿದರೆ ಅದು ಬೇಗ ಓಡಿಹೋಗುವ ಹುನ್ನಾರವಲ್ಲ. ಗಂಡ ಹೆಂಡತಿಯ ಸಾಮೀಪ್ಯಕ್ಕೂ ಈ ನೋವು ಅಡ್ಡ ಬರುತ್ತದೆ. ಅದನ್ನು ತಿರಸ್ಕಾರ ಎಂದುಕೊಂಡು ಮನಸ್ಸು ಮುರಿದುಕೊಂಡ ದಂಪತಿಗಳನ್ನು ಕಂಡಿದ್ದೇವೆ. ದಯವಿಟ್ಟು ಗಂಡಂದಿರೂ ಒಂದು ಸಲ ಡಾಕ್ಟರ ಬಳಿ ಜೊತೆಗೆ ಹೋಗಿ. ಮತ್ತೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇವೆ. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಬದುಕೇ ಬೇಡ ಎನ್ನಿಸಿದ್ದವರು ನಮ್ಮ ಬಳಗದಲ್ಲೂ ಇದ್ದಾರೆ. ಅಂಥ ಯೋಚನೆ ಬಂದರೆ ಬೆಳಗಾಗುವುದನ್ನು ಕಾಯಬೇಡಿ. 988ಕ್ಕೆ ಫೋನ್ ಮಾಡಿ, ಹತ್ತಿರದವರನ್ನು ಎಬ್ಬಿಸಿ.

ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಒಬ್ಬ ಅಕ್ಕ ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟಿದ್ದರು. ಅವರಿಗೆ ಅಹಂಕಾರ ಎಂದವರೂ ಉಂಟು. ನಲವತ್ತು ನಿಮಿಷ ಒಂದೆಡೆ ಕೂರಲು ಆಗುತ್ತಿರಲಿಲ್ಲ, ಅಷ್ಟೆ. ಸರಿಯಾದ ಡಾಕ್ಟರು, ಫಿಸಿಯೋಥೆರಪಿ, ಊಟದ ಕ್ರಮ ಇವುಗಳಿಂದ ಈಗ ಮತ್ತೆ ಬರುತ್ತಿದ್ದಾರೆ. ನೋವು ಪೂರ್ತಿ ಹೋಗಿಲ್ಲ. ತರಗತಿಯ ಮಧ್ಯೆ ಒಂದು ಬಿಡುವು ಇಟ್ಟಿದ್ದೇವೆ, ಮಕ್ಕಳಿಗೂ ಅದು ಇಷ್ಟವೇ.

ಕೊನೆಯದಾಗಿ ನಿಮ್ಮ ಮುಂದೆ ಕೈಯೊಡ್ಡುವ ಮಾತು. ಇಂದು ಕೂಡುವ ಹಣದ ಒಂದು ಭಾಗವನ್ನು ಸಂಸ್ಥೆಯವರು ನಮ್ಮ ಬಳಗಕ್ಕೆ ಮೀಸಲಿಟ್ಟಿದ್ದಾರೆ. ಇನ್ಶೂರೆನ್ಸ್ ಸಾಲದವರ ಫಿಸಿಯೋಥೆರಪಿ ಖರ್ಚಿಗೆ ಅದರಿಂದ ನೆರವಾಗುತ್ತೇವೆ. ಊರಿನಿಂದ ಕೆಲವು ತಿಂಗಳಿಗೆಂದು ಬಂದ ತಂದೆ ತಾಯಂದಿರ ಪ್ರವಾಸಿ ವಿಮೆ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಅವರ ಮೊದಲ ತಜ್ಞರ ಭೇಟಿಗೂ ಅದು ಆಗಬೇಕು. ಇಂಗ್ಲಿಷಿನಲ್ಲಿ ಇಂಥ ನೋವನ್ನು ವಿವರಿಸಲಾಗದ ಹಿರಿಯರ ಜೊತೆ ಆಸ್ಪತ್ರೆಗೆ ಹೋಗಲು ಕನ್ನಡ ಬಲ್ಲ ಸ್ವಯಂಸೇವಕರೂ ಬೇಕು. ಹಣ ಕೊಡಲಾಗದವರು ತಿಂಗಳಿಗೆ ಒಂದು ಮಧ್ಯಾಹ್ನ ಕೊಡಿ. ಅದೂ ಬೇಡವೆಂದರೆ, ಮನೆಗೆ ಹೋದಮೇಲೆ ಅಮ್ಮನನ್ನೋ ಅತ್ತೆಯವರನ್ನೋ ಹೆಂಡತಿಯನ್ನೋ, "ರಾತ್ರಿ ಎಷ್ಟು ಸಲ ಏಳುತ್ತೀರಿ? ನೋವಿದೆಯೇ?" ಎಂದು ಒಮ್ಮೆ ಕೇಳಿ. ಅವರು ಉತ್ತರ ಹೇಳುವತನಕ ಎದುರಿಗೆ ಕೂತಿರಿ.

ಊಟದ ಸಾಲಿನ ಕೊನೆಯಲ್ಲಿ ಖಾರ ಹುಳಿ ಇಲ್ಲದ ತೊವ್ವೆ ಅನ್ನದ ಮೇಜೊಂದನ್ನು ಇಟ್ಟಿದ್ದೇವೆ. ಬೇಕಾದವರು ಯಾವ ಸಂಕೋಚವೂ ಇಲ್ಲದೆ ಬನ್ನಿ.